ದೇವದೂತೆಗೆ ಗಂಟಲು ಕಟ್ಟಿತು

"ಇನ್ನೂ ಮೇಲೆ ಎಳೀರಿ ಅಪ್ಪಾ, ನಂಗೇನೂ ಭಯ ಇಲ್ಲ."

ಜೋವಿ ಗಾಳಿಯಲ್ಲಿ ತೂಗಾಡುತ್ತಿದ್ದಳು. ಸೊಂಟಕ್ಕೂ ಹೆಗಲಿಗೂ ಅಗಲವಾದ ಬೆಲ್ಟು. ಬೆನ್ನ ಹಿಂದೆ ಕೊಕ್ಕೆ, ಕೊಕ್ಕೆಗೆ ದಪ್ಪನೆಯ ಹಗ್ಗ. ಆ ಹಗ್ಗ ಬಿದಿರಿನ ಎತ್ತರದ ಕಮಾನಿನಲ್ಲಿದ್ದ ರಾಟೆಯನ್ನು ಹಾದು ಹಿಂದಕ್ಕೆ ಇಳಿದಿತ್ತು. ಅಲ್ಲಿ ಅವಳ ಅಪ್ಪ ನೆಸ್ತೋರ್ ಇನ್ನಿಬ್ಬರ ಜೊತೆ ಕಾಲೂರಿ ನಿಂತು ಹಗ್ಗ ಜಗ್ಗುತ್ತಿದ್ದ.

ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ಚರ್ಚಿನ ತಗಡಿನ ಮಾಡು, ಬಾಸ್ಕೆಟ್‌ಬಾಲ್ ಅಂಕಣದ ತುಂಬ ಒಣಹಾಕಿದ ಭತ್ತ, ಬೈಕಿಗೆ ಪಕ್ಕದ ಗಾಡಿ ಜೋಡಿಸಿ ಅಪ್ಪ ಬಾಡಿಗೆಗೆ ಓಡಿಸುವ ಹಸಿರು ಟ್ರೈಸಿಕಲ್, ಅದರಾಚೆ ತೆಂಗಿನ ಮರಗಳ ಸಂದಿಯಲ್ಲಿ ಮಿರಿಮಿರಿ ಮಿಂಚುವ ಸಮುದ್ರ. ಕೆಳಗೆ ಪಕ್ಕದ ಮನೆಯ ಕ್ರಿಸೆಲ್ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಅವಳಿಗಿನ್ನೂ ಏಳು ವರ್ಷ. ಜೋವಿಗೆ ಏನಾದರೂ ಆದರೆ ಇರಲಿ ಎಂದು ಅವಳಿಗೂ ಹಾಡು ಕಲಿಸಿದ್ದರು. ಜೋವಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ ಎಂದು ಜೋವಿಗೆ ಖಾತ್ರಿಯಿತ್ತು.

ಇದು ತಾಲೀಮು ಅಷ್ಟೇ. ಈಸ್ಟರ್ ದಿನ ಬೆಳಗಿನ ಜಾವ ಒಂದು ಬೀದಿಯಿಂದ ಗಂಡಸರು ಸಾವನ್ನು ಗೆದ್ದು ಎದ್ದ ಯೇಸುವಿನ ಪ್ರತಿಮೆಯನ್ನು ಹೊತ್ತು ಬರುತ್ತಾರೆ. ಇನ್ನೊಂದು ಬೀದಿಯಿಂದ ಹೆಂಗಸರು ಮರಿಯಮ್ಮನನ್ನು ಕರೆತರುತ್ತಾರೆ. ಮಗ ಸತ್ತ ದುಃಖದಲ್ಲಿ ಮರಿಯಮ್ಮ ಕಪ್ಪು ಮುಸುಕು ಹೊದ್ದಿರುತ್ತಾಳೆ. ತಾಯಿಯೂ ಮಗನೂ ಈ ಕಮಾನಿನ ಕೆಳಗೆ ಎದುರಾಗುತ್ತಾರೆ. ಆಗ ದೇವದೂತೆ ಆಕಾಶದಿಂದ ಇಳಿದು ಬಂದು, ಹಾಡು ಹೇಳಿ, ಆ ಮುಸುಕನ್ನು ಎತ್ತಬೇಕು. ಅದನ್ನು ಎತ್ತಿದ ಮೇಲೆಯೇ ಊರಿಗೆ ಈಸ್ಟರ್.

ಮೊದಲ ಹಲ್ಲು ಬಿದ್ದಾಗಿನಿಂದಲೂ ಜೋವಿಗೆ ಇದೊಂದೇ ಆಸೆ. ರಾತ್ರಿ ಮಲಗುವ ಮುಂಚೆ ಚಾಪೆಯ ಮೇಲೆ ಮಂಡಿಯೂರಿ, "ಯೇಸಪ್ಪಾ, ನನ್ನನ್ನ ದೇವದೂತೆ ಮಾಡು, ಬೇರೆ ಏನೂ ಕೇಳಲ್ಲ" ಎನ್ನುವಳು. ಆಮೇಲೆ ಹೊಸ ಚಪ್ಪಲಿ, ಗಣಿತದ ಟೆಸ್ಟಿನಲ್ಲಿ ಪಾಸು, ಮಾವಿನಹಣ್ಣು ಎಂದು ಒಂದೊಂದನ್ನೇ ಸೇರಿಸುವಳು. ಪ್ರತಿ ವರ್ಷವೂ ಬೇರೆ ಯಾರೋ ಆಯ್ಕೆಯಾಗುತ್ತಿದ್ದರು. ಈ ವರ್ಷ ಮಾತ್ರ ಮೆರವಣಿಗೆಯ ಉಸ್ತುವಾರಿ ನೋಡುವ ಹಿರಿಯಾಕೆ ಆಲಿಂಗ್ ಬೆಲೆನ್ ಅವಳತ್ತ ಬೆರಳು ಮಾಡಿದ್ದರು. ಜೋವಿಯ ಗಂಟಲೆಂದರೆ ಗಂಟಲು. ಸಂತೆಯಲ್ಲಿ ಮೀನು ಮಾರುವ ಹೆಂಗಸರೂ ಅವಳ ಮುಂದೆ ಸೋಲಬೇಕು. ಆದರೆ ಇದೇ ಕೊನೆಯ ಅವಕಾಶ, ಬರುವ ವರ್ಷ ನೀನು ಹತ್ತಿದರೆ ಬಿದಿರೇ ಬಗ್ಗೀತು ಎಂದೂ ಆಲಿಂಗ್ ಬೆಲೆನ್ ನಗೆಯಾಡಿದ್ದರು.

ಅವತ್ತಿನಿಂದ ಜೋವಿಯ ಕಾಲು ನೆಲದ ಮೇಲೆ ನಿಂತಿದ್ದೇ ಇಲ್ಲ. ಬಚ್ಚಲಲ್ಲಿ ಹಾಡು, ಟ್ರೈಸಿಕಲ್ಲಿನಲ್ಲಿ ಹಾಡು, ಬಟ್ಟೆ ಒಣಹಾಕುವಾಗ ಹಾಡು. ಶುಭ ಶುಕ್ರವಾರ ಯೇಸು ಸತ್ತ ದಿನ. ಅಂದು ಊರಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ರೇಡಿಯೊ ಹಾಕುವುದಿಲ್ಲ, ಮಕ್ಕಳು ಓಡುವುದಿಲ್ಲ. ಜೋವಿಗೆ ಸುಮ್ಮನಿರಲು ಆಗಲಿಲ್ಲ. ಯಾರಿಗೂ ಹೇಳದೆ ಸಮುದ್ರದ ದಡಕ್ಕೆ ಹೋಗಿ, ಅಲೆಗಳ ಸದ್ದನ್ನೂ ಮೀರಿಸುವ ಹಾಗೆ ಹಾಡಿದಳು. ತಂಗಾಳಿ ಬೀಸುತ್ತಿತ್ತು. ಕತ್ತಲಾಗುವವರೆಗೂ ಹಾಡಿದಳು.

ಶನಿವಾರ ಬೆಳಿಗ್ಗೆ ಎದ್ದು ಅಮ್ಮನನ್ನು ಕರೆಯಲು ಬಾಯಿ ತೆರೆದರೆ ಸದ್ದೇ ಹೊರಡಲಿಲ್ಲ.

ಮತ್ತೆ ಪ್ರಯತ್ನಿಸಿದಳು. ಗೊರ್ ಎಂದು ಏನೋ ಬಂತು, ಕೊಳದ ಕಪ್ಪೆಯಂತೆ. ಹಣೆ ಮುಟ್ಟಿ ನೋಡಿದ ಅಮ್ಮ, ಸ್ವಲ್ಪ ಜ್ವರವೂ ಇದೆಯಲ್ಲ ಎಂದಳು.

ಆಮೇಲೆ ಮನೆಯೆಲ್ಲ ಗಡಿಬಿಡಿ. ಅಮ್ಮ ಶುಂಠಿ ಜಜ್ಜಿ ಕಷಾಯ ಕಾಸಿದಳು. ಅಜ್ಜಿ ಮುಕ್ಕಳಿಸಲು ಉಪ್ಪುನೀರು ತಂದಳು. ಲೋಲಾ ಅಂದರೆ ಅಜ್ಜಿ, ಊರಿಗೆಲ್ಲ ಅವಳು ಲೋಲಾ ಸಾಲಿಂಗ್; ಮೊಮ್ಮಗಳಿಗೆ ತೋರಿಸಲು ತಾನೇ ಮೊದಲು ಮುಕ್ಕಳಿಸಿ, ಆಮೇಲೆ ಅವಳಿಗೆ ಕೊಟ್ಟಳು. ಪಕ್ಕದ ಮನೆಯವರು ನಿಂಬೆ ಹಿಂಡಿದ ಬಿಸಿನೀರು ತಂದರು. ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು, ಜೋವಿ ಎಲ್ಲವನ್ನೂ ಕುಡಿದಳು. ಒಂದು ಗುಟುಕಿಗೆ ಒಂದು ಪ್ರಾರ್ಥನೆ. ಯೇಸಪ್ಪಾ, ಸಂಜೆಯೊಳಗೆ ಗಂಟಲು ಬಿಡಿಸು. ನೀನು ಕುರುಡರಿಗೆ ಕಣ್ಣು ಕೊಟ್ಟೆ, ಇದೇನು ದೊಡ್ಡ ವಿಷಯ ನಿನಗೆ?

ಮಧ್ಯಾಹ್ನ ಊಟದ ಹೊತ್ತಿಗೆ ಸಣ್ಣಗೆ ಕೀಂ ಎಂಬ ಸದ್ದು ಬಂತು. ಜೋವಿ ಕುಣಿದೇಬಿಟ್ಟಳು. ತಟ್ಟೆ ಬಿಟ್ಟು ಅಂಗಳಕ್ಕೆ ಓಡಿ, ಹಾಡಿನ ಮೊದಲ ಸಾಲು ಎತ್ತಿಕೊಂಡಳು. ಎರಡು ಪದ ಆಗುವಷ್ಟರಲ್ಲಿ ಆ ಕೀಂ ಕೂಡ ನಿಂತುಹೋಯಿತು.

ಸಂಜೆ ಅಪ್ಪ ಟ್ರೈಸಿಕಲ್ ನಿಲ್ಲಿಸಿ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ಜೋವಿ ಕೈಸನ್ನೆ ಮಾಡಿ ತೋರಿಸಿದಳು: ನಾನು ಮೇಲಿಂದ ಇಳೀತೀನಿ, ಕ್ರಿಸೆಲ್ ಕೆಳಗೆ ನಿಂತು ಹಾಡಲಿ. ಅವಳು ಬೆಳಗಿನಿಂದ ಯೋಚಿಸಿ ಇಟ್ಟುಕೊಂಡಿದ್ದ ಉಪಾಯ ಅದು.

ಅಪ್ಪ ಅಡ್ಡಡ್ಡ ತಲೆಯಾಡಿಸಿದ. "ಹಾಡಿನ ಮಾತು ಬಿಡು ಮಗಳೇ. ಹಗ್ಗ ಎಳೆಯೋರು ನಾವು ಕಮಾನಿನ ಹಿಂದೆ ಇರ್ತೀವಿ, ನೀನು ನಮಗೆ ಕಾಣಲ್ಲ. ಮೇಲೆ ಏನಾದ್ರೂ ಸಿಕ್ಕಿಕೊಂಡ್ರೆ ನೀನು ಕೂಗ್ಬೇಕು, ನಾನು ಕೇಳಿಸ್ಕೋಬೇಕು. ಕೂಗೋಕಾಗದ ಮಗೂನ ನಾನು ಮೇಲಕ್ಕೆ ಎತ್ತಲ್ಲ."

ಅಪ್ಪ ಒಮ್ಮೆ ಇಲ್ಲ ಎಂದರೆ ಮುಗಿಯಿತು.

ಅಜ್ಜಿ ಆಗಲೇ ಜೋವಿಯ ಬಿಳಿ ಫ್ರಾಕನ್ನು ತೊಡೆಯ ಮೇಲೆ ಹರಡಿಕೊಂಡು, ಕ್ರಿಸೆಲ್ ಅಳತೆಗೆ ಮಡಚಿ ಹೊಲಿಯುತ್ತಿದ್ದಳು. ಜೋವಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಹಾಗೇ ಪಿಸುಗುಟ್ಟಿದಳು. ಪಿಸುಮಾತು ಮಾತ್ರ ಹೇಗೋ ಬರುತ್ತಿತ್ತು.

"ಎಷ್ಟು ವರ್ಷ ಕೇಳ್ಕೊಂಡೆ ಲೋಲಾ. ಯೇಸಪ್ಪ ಕೊಟ್ಟ ಹಾಗೆ ಮಾಡಿ ಕಿತ್ಕೊಂಡ. ಇನ್ಮೇಲೆ ನಾನು ಅವನ ಜೊತೆ ಮಾತಾಡಲ್ಲ."

"ಮಾತಾಡ್ಬೇಡ," ಅಜ್ಜಿ ಹಲ್ಲಿನಲ್ಲಿ ದಾರ ಕಡಿದಳು. "ಹೇಗೂ ಇವತ್ತು ನಿಂಗೆ ಗಂಟಲಿಲ್ಲ."

ಜೋವಿಗೆ ನಗು ಬಂದುಬಿಡುವುದರಲ್ಲಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಜ್ಜಿ ಅವಳ ಕಡೆ ನೋಡದೆ ಹೊಲಿಯುತ್ತಲೇ ಹೇಳಿದಳು: "ನಿಮ್ಮ ತಾತ ದೋಣಿ ತಗೊಂಡು ಹೋದೋರು ವಾಪಸ್ ಬರ್ಲಿಲ್ಲವಲ್ಲ, ಆಗ ನಾನೂ ಹೀಗೇ ಅಂದಿದ್ದೆ. ಮಳೆಗಾಲ ಪೂರ್ತಿ ಚರ್ಚಿನ ಕಡೆ ತಲೆ ಹಾಕ್ಲಿಲ್ಲ."

"ಆಮೇಲೆ?"

"ಆಮೇಲೆ ಏನು? ಸಿಟ್ಟು ಹೇಳ್ಕೊಳ್ಳೋಕೂ ಯಾರಾದ್ರೂ ಬೇಕಲ್ಲ. ಅವನ ಹತ್ರಾನೇ ಹೋದೆ. ಬಾಯಿಗೆ ಬಂದ ಹಾಗೆ ಬೈದೆ. ಕೂತು ಕೇಳಿಸ್ಕೊಂಡ."

"ತಾತ ಬಂದ್ರಾ?"

"ಇಲ್ಲ."

ಅಜ್ಜಿ ಸೂಜಿಯನ್ನು ಬೆಳಕಿಗೆ ಹಿಡಿದು ಮತ್ತೆ ದಾರ ಪೋಣಿಸತೊಡಗಿದಳು.

ಜೋವಿ ಅಂದು ಮಲಗಿಕೊಂಡೇ ಯೇಸಪ್ಪನನ್ನು ಮನಸ್ಸಿನಲ್ಲೇ ಬೈದಳು. ಮಂಡಿಯೂರಲಿಲ್ಲ, ಕೈ ಮುಗಿಯಲೂ ಇಲ್ಲ. ಬೈಯುತ್ತ ಬೈಯುತ್ತ ಅರ್ಧದಲ್ಲೇ ನಿದ್ದೆ ಹೋದಳು.

ಕೋಳಿ ಕೂಗುವ ಹೊತ್ತಿಗೆ ಬೀದಿಗೆ ಬೀದಿಯೇ ಎದ್ದಿತ್ತು. ಜ್ವರ ಬಿಟ್ಟಿತ್ತು, ಗಂಟಲು ಬಿಟ್ಟಿರಲಿಲ್ಲ. ಅಮ್ಮ ಕುತ್ತಿಗೆಗೆ ಸ್ಕಾರ್ಫ್ ಸುತ್ತಿ ಜೋವಿಯನ್ನು ಹೆಂಗಸರ ಸಾಲಿಗೆ ಸೇರಿಸಿಕೊಂಡಳು. ಬರಲ್ಲ ಎನ್ನಬೇಕೆಂದುಕೊಂಡಿದ್ದ ಜೋವಿಗೆ, ಬ್ಯಾಂಡಿನ ಡೋಲು ಕೇಳಿದ್ದೇ ಕಾಲು ನಿಲ್ಲಲಿಲ್ಲ. ಕೈಯಲ್ಲೊಂದು ಮೇಣದಬತ್ತಿ. ಎದುರಿಗೆ ಕಪ್ಪು ಮುಸುಕಿನ ಮರಿಯಮ್ಮ, ಹೆಗಲುಗಳ ಮೇಲೆ ತೂಗುತ್ತ, ಮೆಲ್ಲಗೆ.

ಚೌಕಕ್ಕೆ ಬಂದಾಗ ಆ ಕಡೆಯಿಂದ ಗಂಡಸರ ದೀಪಗಳೂ ಬಂದವು. ತಾಯಿ ಈ ಕಡೆ, ಮಗ ಆ ಕಡೆ. ಬ್ಯಾಂಡು ನಿಂತಿತು. ಎಲ್ಲರೂ ತಲೆಯೆತ್ತಿದರು.

ಕಮಾನಿನ ತುದಿಯಲ್ಲಿ ಕ್ರಿಸೆಲ್ ಕಂಡಳು. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಬೆನ್ನಿಗೆ ತಂತಿಯ ಮೇಲೆ ಕೋಳಿಗರಿ ಅಂಟಿಸಿದ ದೊಡ್ಡ ರೆಕ್ಕೆ. ಆ ಕಿರೀಟ ನೋಡಿ ಜೋವಿಯ ಎದೆಯಲ್ಲಿ ಚುಳ್ಳೆಂದಿತು. ಜನ ತಾಯಿ ಮಗ ಎದುರಾಗುವಾಗಿನ ಹಾಡನ್ನು ಶುರುಮಾಡಿದರು. ಹಗ್ಗ ನಿಧಾನವಾಗಿ ಸಡಿಲಾಯಿತು, ಕ್ರಿಸೆಲ್ ಇಳಿಯತೊಡಗಿದಳು.

ಇದ್ದಕ್ಕಿದ್ದಂತೆ ನಿಂತಳು.

ಇನ್ನೂ ಅರ್ಧವೂ ಇಳಿದಿರಲಿಲ್ಲ. ಜನ ಹಾಡುತ್ತಲೇ ಇದ್ದರು. ಅದೂ ಆಟದ ಭಾಗವೆಂದೇ ತಿಳಿದಿರಬೇಕು. ಆದರೆ ಜೋವಿ ಅಲ್ಲಿ ಎಷ್ಟೋ ಸಲ ತೂಗಾಡಿದವಳು. ರೆಕ್ಕೆಯ ತಂತಿ ಕಮಾನಿನ ಅಲಂಕಾರದ ದಾರಕ್ಕೆ ಸಿಕ್ಕಿಕೊಂಡಿದ್ದು ಅವಳಿಗೆ ಕಂಡಿತು. ಹಗ್ಗ ಮಾತ್ರ ಇಳಿಯುತ್ತಲೇ ಇತ್ತು. ಕ್ರಿಸೆಲ್‌ಳ ಬೆನ್ನ ಹಿಂದೆ ಅದು ಸಡಿಲಾಗಿ ಬಿಲ್ಲಿನಂತೆ ಜೋತುಬಿದ್ದಿತ್ತು. ಈಗ ಆ ದಾರ ಹರಿದರೆ, ಹಗ್ಗ ಸಡಿಲಾಗಿರುವಷ್ಟು ದೂರ ಅವಳು ದೊಪ್ಪನೆ ಕೆಳಕ್ಕೆ ಬೀಳುತ್ತಾಳೆ. ಕ್ರಿಸೆಲ್ ಕೂಗಬೇಕು. ಆದರೆ ಅವಳು ಹೆದರಿ ಕಣ್ಣು ಮುಚ್ಚಿಕೊಂಡಿದ್ದಳು.

ನಿಲ್ಸಿ, ಎಂದು ಜೋವಿ ಕೂಗಿದಳು. ಗಾಳಿ ಮಾತ್ರ ಬಂತು.

ಅಮ್ಮನ ಕೈ ಬಿಡಿಸಿಕೊಂಡು ಓಡಿದಳು. ಹೆಂಗಸರ ಮಧ್ಯೆ ನುಗ್ಗಿದಳು, ಮೇಣದಬತ್ತಿಗಳ ಕೆಳಗೆ ಬಗ್ಗಿದಳು. ಬಿಸಿ ಮೇಣ ತೋಳಿನ ಮೇಲೆ ಬಿತ್ತು. ಯಾರೋ ಗದರಿದರು, ಯಾರದೋ ಕಾಲು ತುಳಿದಳು. ದೇವರೇ, ದೇವರೇ, ದೇವರೇ ಎಂಬುದೊಂದೇ ಒಳಗೆ ಬಡಿದುಕೊಳ್ಳುತ್ತಿತ್ತು. ಕಮಾನಿನ ಹಿಂದೆ ಹೋಗಿ ಅಪ್ಪನ ಎರಡೂ ಮುಂಗೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪ ಅವಳ ಮುಖ ನೋಡಿದ.

"ಹಿಡೀರಿ," ಎಂದ ಪಕ್ಕದವರಿಗೆ. ಹಗ್ಗ ಅಲ್ಲೇ ನಿಂತಿತು.

ಜೋವಿ ಕೈ ಮೇಲೆ ಮಾಡಿ ತೋರಿಸಿದಳು. ಮೂವರೂ ಸಡಿಲು ಹಗ್ಗವನ್ನು ಮೊಳ ಮೊಳವಾಗಿ ಹಿಂದಕ್ಕೆ ಎಳೆದುಕೊಂಡರು. ಅದು ಬಿಗಿಯಾಗುವುದಕ್ಕೂ ಮೇಲೆ ದಾರ ಪಟ್ಟನೆ ಹರಿಯುವುದಕ್ಕೂ ಸರಿಹೋಯಿತು. ಕ್ರಿಸೆಲ್ ಬೀಳಲಿಲ್ಲ. ಒಂದಿಷ್ಟು ಓಲಾಡಿ ನಿಂತಳು. ಎರಡು ಗರಿ ಉದುರಿದವು. ಜನ ಚಪ್ಪಾಳೆ ತಟ್ಟಿದರು.

ಮೆಲ್ಲಗೆ ಇಳಿಸುತ್ತ ಇಳಿಸುತ್ತ ಅವಳನ್ನು ಮರಿಯಮ್ಮನ ಎದುರಿಗೆ ತಂದರು. ಈಗ ಅವಳು ಹಾಡಬೇಕು. ಕ್ರಿಸೆಲ್ ಹಾಡಲಿಲ್ಲ. ಇನ್ನೇನು ಅಳುತ್ತಾಳೆ. ಆಲಿಂಗ್ ಬೆಲೆನ್ ಬೀಸಣಿಗೆಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಜೋವಿ ಕಮಾನಿನ ಕಂಬದ ಪಕ್ಕದಿಂದ ಸರಿದು, ಕ್ರಿಸೆಲ್‌ಗೆ ನೇರವಾಗಿ ಕಾಣುವ ಹಾಗೆ ಮುಂದೆ ಬಂದು ನಿಂತಳು. ಬಾಯಿ ದೊಡ್ಡದಾಗಿ ತೆರೆದಳು. ಸದ್ದಿಲ್ಲದೆ, ಒಂದೊಂದೇ ಪದವನ್ನು ತುಟಿಯಲ್ಲೇ ಬಿಡಿಸಿ ಬಿಡಿಸಿ ಹೇಳತೊಡಗಿದಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲಿ ಹೆಗಲು ಎತ್ತಿ ತೋರಿಸಿದಳು.

ಕ್ರಿಸೆಲ್ ಕಣ್ಣು ಅವಳ ಮೇಲೆ ನೆಟ್ಟಿತು. ಮೊದಲು ಸೊಳ್ಳೆಯಷ್ಟು ಸಣ್ಣ ಸ್ವರ. ಆಮೇಲೆ ಸ್ವಲ್ಪ ದೊಡ್ಡದು. ಎರಡನೆಯ ಸಾಲಿಗೆ ಬರುವಾಗ ಆ ಸ್ವರ ತೊಳೆದಿಟ್ಟ ಗಾಜಿನ ಹಾಗೆ ಸ್ವಚ್ಛವಾಗಿತ್ತು. ಹಾಡು ಮುಗಿಸಿ ಪುಟ್ಟ ಕೈ ಚಾಚಿ ಕಪ್ಪು ಮುಸುಕನ್ನು ಹಿಡಿದು ಎತ್ತಿದಳು.

ಗಂಟೆಗಳೆಲ್ಲ ಒಟ್ಟಿಗೆ ಹೊಡೆದವು. ಡೋಲು, ತುತ್ತೂರಿ, ಪಟಾಕಿ, ಬೆದರಿದ ನಾಯಿಗಳ ಬೊಗಳಾಟ. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮರಿಯಮ್ಮನ ಮುಖದ ಮೇಲೆ ಬೆಳಗಿನ ಮೊದಲ ಬೆಳಕು ಬಿದ್ದಿತ್ತು. ಜೋವಿ ಎಲ್ಲರ ಜೊತೆ ಕುಣಿಯುತ್ತಿದ್ದಳು. ಕಣ್ಣಲ್ಲಿ ಯಾಕೋ ನೀರೂ ಬರುತ್ತಿತ್ತು.

ಆಲಿಂಗ್ ಬೆಲೆನ್ ಬಂದು ಅವಳ ಎರಡೂ ಕೆನ್ನೆ ಹಿಡಿದುಕೊಂಡರು. ನಿನ್ನನ್ನು ಕೆಳಗೆ ಉಳಿಸೋದಕ್ಕೇ ದೇವರು ನಿನ್ನ ಗಂಟಲು ಕಟ್ಟಿಸಿದ್ದು ಎಂದರು. ಸುತ್ತ ನಿಂತವರು ಹೌದು ಹೌದು ಎಂದರು. ಜೋವಿಗೆ ಹಾಗನ್ನಿಸಲಿಲ್ಲ. ಮೇಲೆ ತಾನೇ ಇದ್ದಿದ್ದರೆ ಪಕ್ಕದ ಊರಿಗೂ ಕೇಳುವ ಹಾಗೆ ಕೂಗುತ್ತಿದ್ದೆನಲ್ಲ, ಅಪ್ಪ ಆಗಲೂ ನಿಲ್ಲಿಸುತ್ತಿದ್ದನಲ್ಲ. ಆದರೆ ವಾದ ಮಾಡಲು ಗಂಟಲಿರಲಿಲ್ಲ.

ಚರ್ಚಿನ ಮೆಟ್ಟಿಲು ಹತ್ತುವಾಗ ಅಪ್ಪನ ಅಂಗಿ ಜಗ್ಗಿ ಪಿಸುಗುಟ್ಟಿದಳು. "ನಾನು ಏನೂ ಹೇಳ್ಲೇ ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನೀನು ನನ್ನ ಹತ್ರ ಓಡಿ ಬಂದ್ಯಲ್ಲ," ಎಂದ ಅಪ್ಪ. "ಅಷ್ಟು ಸಾಕಾಯ್ತು."

ಒಳಗೆ ಪೂಜೆ ಶುರುವಾಗಿತ್ತು. ಜೋವಿ ಅಜ್ಜಿಯ ಪಕ್ಕ ಮಂಡಿಯೂರಿದಳು. ಎಂದಿನಂತೆ ಕೇಳಲು ಹೊರಟಳು. ಏನು ಕೇಳಬೇಕೆಂದು ಹೊಳೆಯಲಿಲ್ಲ. ಕಿರೀಟ ತನ್ನ ತಲೆಯ ಮೇಲೆ ಇರಬೇಕಿತ್ತು ಎಂಬ ನೋವು ಇನ್ನೂ ಅಲ್ಲೇ ಇತ್ತು, ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ. ಅದನ್ನೇ ಹೇಳಿದಳು. ಇನ್ನೂ ಬೇಜಾರಿದೆ ಯೇಸಪ್ಪಾ, ಎಂದಳು. ಕ್ರಿಸೆಲ್ ಬೀಳಲಿಲ್ಲ, ಎಂದಳು. ತುಟಿ ಅಲ್ಲಾಡಲಿಲ್ಲ, ಉಸಿರಿನ ಸದ್ದೂ ಆಗಲಿಲ್ಲ.

ಹೇಳುವುದು ಮುಗಿದ ಮೇಲೂ ಅವಳು ಎದ್ದು ಕೂರಲಿಲ್ಲ. ದಿನದ ಓಡಾಟ ಮುಗಿದ ಮೇಲೆ ಟ್ರೈಸಿಕಲ್ಲಿನಲ್ಲಿ ಅಪ್ಪನ ಪಕ್ಕ, ಇಬ್ಬರೂ ಮಾತಿಲ್ಲದೆ, ಮನೆಯ ಕಡೆ ಬರುವಾಗ ಹೇಗಿರುತ್ತದೋ ಹಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರೋಣ ಅನ್ನಿಸಿತು. ಇದ್ದಳು.