ಹಿಂದಿನ ಸೀಟಿನ ದಿಂಬು

ಸೋಮವಾರ ಬೆಳಿಗ್ಗೆ ಏಳೂವರೆಗೆ ದುವ್ವಾಡದ ಹತ್ತಿರದ ತಿರುವಿನಲ್ಲಿ ವಿನಯನ ಕಾರು ಮಗುಚಿ ಬಿದ್ದಿತ್ತು. ಮೊದಲು ಕಂಡವರು ಪರವಾಡಕ್ಕೆ ಹೊರಟಿದ್ದ ಕಂಪನಿ ಬಸ್ಸಿನವರು. ಎಳೆದು ಹೊರಗೆ ತೆಗೆಯುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ. ಇಪ್ಪತ್ತೇಳರ ವಯಸ್ಸು.

ಬುಧವಾರ ರಾತ್ರಿ ಪೊಲೀಸರು ವಿಜಯವಾಡದ ಆಟೋನಗರಕ್ಕೆ ಹೋಗಿ ನನ್ನ ತಂಗಿ ಶುಭಾಳ ಗಂಡ ತಿರುಮಲೇಶನನ್ನು ಹಿಡಿದು ತಂದರು. ಆ ಕಾರಿಗೆ ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿದವನು ಅವನೇ. ತಿರುವಿನಲ್ಲಿ ಕಾರು ವಾಲದ ಹಾಗೆ ಎಡ ಬಲ ಚಕ್ರಗಳನ್ನು ಹಿಡಿದಿಡುವ ಕಂಬಿ ಅದು. ಮುಂದೆ ಒಂದು, ಹಿಂದೆ ಒಂದು. ವಿನಯನೇ ಹಟ ಹಿಡಿದು ಹಾಕಿಸಿಕೊಂಡಿದ್ದ. ಈಗ ಹಿಂದಿನ ಕಂಬಿ ಚಕ್ರಕ್ಕೆ ಸೇರಿರಲೇ ಇಲ್ಲ. ನಟ್ಟು ಬಿಗಿ ಮಾಡದೆ ಜೀವ ತೆಗೆದ ಅಂತ ಪೊಲೀಸರ ಕೇಸು. ಅವನು ಹಾಕಿದ ಕಂಬಿಯಿಂದಲೇ ಮಗ ಹೋದ ಅಂತ ದೂರು ಕೊಟ್ಟವರು ಹುಡುಗನ ತಾಯಿ ಸೀತಾಲಕ್ಷ್ಮಮ್ಮ.

"ಅಣ್ಣಾ, ನಮ್ಮವರು ತಪ್ಪು ಒಪ್ಪಿಕೊಂಡು ಸಹಿ ಹಾಕ್ತಾರಂತೆ," ಅಂದಳು ಶುಭಾ. ಅಳು ಬತ್ತಿಹೋಗಿತ್ತು ಅವಳಿಗೆ.

ನಾನು ಜಯರಾಮ. ಊರು ಭದ್ರಾವತಿ. ಇಲ್ಲಿ ದುವ್ವಾಡದ ಪಕ್ಕದ ಸ್ಟೀಲ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ಫಿಟ್ಟರ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನ ಕೋಪಕ್ಕಿಂತ ಹೆದರಿಕೆ ಹೆಚ್ಚಾಗಿತ್ತು.

* * *

ಗುರುವಾರ ಲಾಕಪ್ಪಿನಲ್ಲಿ ತಿರುಮಲೇಶ ಮುಖ ಎತ್ತಲಿಲ್ಲ. ನನ್ನ ಜತೆ ಅರ್ಧ ಕನ್ನಡ, ಅರ್ಧ ತೆಲುಗು ಅವನದು.

"ಬಾವಗಾರು, ನಂದೇ ತಪ್ಪಿರಬೇಕು. ಮೂರು ದಿನದಿಂದ ಅದೇ ಯೋಚನೆ."

"ಬಿಗಿ ಮಾಡಿದ್ದೆಯೋ ಇಲ್ಲವೋ?"

ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಕೆಂಪು ಪೇಂಟಿನ ಗೆರೆ ಎಳೆಯುತ್ತೇನೆ, ಯಾವತ್ತೂ ಮರೆತಿಲ್ಲ ಅಂದ. ಆಮೇಲೆ ತನ್ನ ಕೈಗಳನ್ನೇ ನೋಡುತ್ತ ಕೂತ. ನಾಳೆ ಬೆಳಿಗ್ಗೆ ಕೋರ್ಟು.

ಇನ್ಸ್‌ಪೆಕ್ಟರ್ ಕಾಮೇಶ್ವರ ರಾವ್ ಸಜ್ಜನ. ಸ್ಟೇಷನ್ ಅಂಗಳದಲ್ಲಿದ್ದ ಕಾರು ನೋಡಲು ಬಿಟ್ಟರು. ನಾನು ಕೆಳಗೆ ತೂರಿದೆ.

ಕಂಬಿಯ ಎರಡು ತುದಿಯನ್ನೂ ಚಕ್ರಕ್ಕೆ ಸೇರಿಸುವುದು ಗೇಣುದ್ದದ ಎರಡು ಲಿಂಕ್ ರಾಡ್. ಎರಡೂ ಮಾಯ. ಒಂದೊಂದರ ಎರಡೂ ತುದಿಯಲ್ಲಿ ಬೋಲ್ಟು, ಅದಕ್ಕೊಂದು ನಟ್ಟು, ನಾಲ್ಕೂ ಇಲ್ಲ. ತೂತುಗಳು ಹರಿದಿಲ್ಲ, ಉಜ್ಜಿಲ್ಲ. ತಾನಾಗಿ ಸಡಿಲವಾದರೆ ಒಂದು ನಟ್ಟು ಉದುರೀತು, ರಾಡ್ ಜೋತಾಡೀತು. ನಾಲ್ಕು ನಟ್ಟು ಒಟ್ಟಿಗೆ ಉದುರುತ್ತವೆಯೇ? ಯಾರೋ ಸ್ಪ್ಯಾನರ್ ಹಿಡಿದು ಬಿಚ್ಚಿದ್ದಾರೆ.

ಯಾರು? ಗಾಜುವಾಕದ ಗ್ಯಾರೇಜಿನ ದುರ್ಗಾಪ್ರಸಾದ್ ನೆನಪಾದ. ವಿನಯ ತನ್ನನ್ನು ಬಿಟ್ಟು ವಿಜಯವಾಡಕ್ಕೆ ಹೋದ ಅಂತ ಉರಿದುಕೊಳ್ಳುತ್ತಿದ್ದವನು. ನೇರ ಹೋಗಿ ಕಾಲರ್ ಹಿಡಿದೆ. ಅವನು ಮದುವೆ ಫೋಟೋ ತೋರಿಸಿದ. ಶುಕ್ರವಾರದಿಂದ ಬುಧವಾರದವರೆಗೆ ಮಗಳ ಮದುವೆಗೆ ರಾಜಮಂಡ್ರಿಯಲ್ಲಿದ್ದ. ನನ್ನ ಮುಖಕ್ಕೆ ಮಂಗಳಾರತಿ ಆಯಿತು. ತಲೆ ತಗ್ಗಿಸಿ ವಾಪಸ್ ಬಂದೆ.

* * *

ಸಂಜೆ ಮತ್ತೆ ಕಾರಿನ ಹತ್ತಿರ ಕೂತೆ. ಕೊಲ್ಲುವ ಮನಸ್ಸಿದ್ದವನು ಬ್ರೇಕಿಗೆ ಕೈ ಹಾಕುತ್ತಿದ್ದ. ಇದನ್ನು ಬಿಚ್ಚಿದರೆ ಆಗುವ ಲಾಭ ಒಂದೇ. ದಪ್ಪ ಕಂಬಿಯಿದ್ದರೆ ಒಂದು ಚಕ್ರ ಗುಂಡಿಗೆ ಬಿದ್ದರೂ ಇಡೀ ಸೀಟು ಕುಕ್ಕುತ್ತದೆ. ಬಿಚ್ಚಿದರೆ ಕುಕ್ಕುವುದು ಕಡಿಮೆ. ಅದೂ ಹಿಂದಿನದು ಮಾತ್ರ ಬಿಚ್ಚಿದ್ದಾರೆ.

ಹಿಂದಿನ ಸೀಟು ನೋಡಿದೆ. ಹೂವಿನ ಕವರಿನ ಪುಟ್ಟ ದಿಂಬು. ಮೂಸಿದೆ. ನೋವಿನ ಮುಲಾಮು.

ಅಯ್ಯೋ ದೇವರೇ, ಬೇಡಪ್ಪ ಅನ್ನಿಸಿತು.

* * *

ಸೀತಾಲಕ್ಷ್ಮಮ್ಮ ಟೌನ್‌ಶಿಪ್ಪಿನಲ್ಲಿ ನಮ್ಮ ಪಕ್ಕದ ಸಾಲಿನವರು, ಮೈಸೂರು ಕಡೆಯವರು. ಬೆನ್ನಿಗೆ ಆಪರೇಷನ್ ಆಗಿತ್ತು. ಮಗನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದರು. ಕಾರಿನ ಕೆಳಗಿಂದ ಏನಾದರೂ ಬಿಚ್ಚಿಸಿದಿರಾ ಅಂತ ಕೇಳಿದೆ.

ಅವರು ಒಳಗೆ ಹೋಗಿ ಹಳೇ ಸೀರೆ ತುಂಡಿನ ಗಂಟು ತಂದರು. ಎರಡು ರಾಡ್. ನಟ್ಟು ಕಳೆಯಬಾರದು ಅಂತ ನಾಲ್ಕನ್ನೂ ಅವಕ್ಕೇ ತಿರುಗಿಸಿಟ್ಟಿದ್ದರು. ಭಾನುವಾರ ವಿನಯ ಮಲಗಿದ್ದಾಗ ರಸ್ತೆಯ ಯಾವನೋ ಮೆಕ್ಯಾನಿಕನನ್ನು ಕರೆಸಿ ಬಿಚ್ಚಿಸಿದ್ದರಂತೆ.

"ಹೇಳಿದ್ರೆ ಅವನಿಗೆ ಬೇಜಾರಾಗತ್ತೆ. ಬೆನ್ನು ವಾಸಿಯಾದ ಮೇಲೆ ಹಾಕಿಸೋಣ ಅಂತಿದ್ದೆ," ಅಂದರು. "ಆ ಹಾಳು ಕಂಬಿ ಬಿಚ್ಚಿಸಿದ್ದು ಒಳ್ಳೇದೇ ಅಲ್ವಾ ಜಯರಾಮ್ ಅವರೇ?"

ಸುಳ್ಳು ಹೇಳಿ ಎದ್ದು ಬರಬಹುದಿತ್ತು. ಶುಭಾ ಕಣ್ಣ ಮುಂದೆ ಬಂದಳು. ಹೇಳಿದೆ. ಎರಡೂ ಕಂಬಿ ಇದ್ದಾಗ ಆ ತಿರುವಿನಲ್ಲಿ ಬ್ರೇಕೇ ಮುಟ್ಟಲ್ಲ ಅಂತ ವಿನಯ ಊರಿಗೆಲ್ಲ ಹೇಳಿಕೊಂಡಿದ್ದ. ಹಿಂದಿನದು ಹೋಗಿ ಮುಂದಿನದೊಂದೇ ಬಿಗಿಯಾಗಿ ಉಳಿದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ಪೂರ್ತಿ ತಿರುಗುವುದಿಲ್ಲ, ರಸ್ತೆ ಬಿಟ್ಟು ಹೊರಗೆ ಜಾರುತ್ತದೆ. ಸೋಮವಾರ ಅವನು ಅದೇ ವೇಗದಲ್ಲಿ ಹೋದ.

ಅವರು ಅಳಲಿಲ್ಲ. ರಾಡ್ ಎರಡನ್ನೂ ಮತ್ತೆ ಗಂಟು ಕಟ್ಟಿದರು.

"ನಡೀರಿ. ನಾನೇ ಹೇಳ್ತೀನಿ."

* * *

ಅಂಗಳದಲ್ಲಿ ಕಾಮೇಶ್ವರ ರಾವ್ ಬಗ್ಗಿ ಟಾರ್ಚ್ ಹಿಡಿದರು. ನಾನು ರಾಡ್‌ಗಳನ್ನು ಸ್ವಸ್ಥಾನಕ್ಕೆ ಸೇರಿಸಿ ನಾಲ್ಕು ನಟ್ಟನ್ನೂ ಪೂರ್ತಿ ಬಿಗಿ ಮಾಡಿದೆ. ನಟ್ಟಿನ ಮೇಲಿನ ಕೆಂಪು ಗೆರೆ ಬೋಲ್ಟಿನ ಗೆರೆಗೆ ಸರಿಯಾಗಿ ಕೂಡಿಕೊಂಡಿತು. ನಾಲ್ಕಕ್ಕೆ ನಾಲ್ಕೂ. ತಿರುಮಲೇಶ ಬಿಗಿ ಮಾಡಿದ್ದ.

ಸೀತಾಲಕ್ಷ್ಮಮ್ಮ ಹೇಳಿಕೆ ಕೊಟ್ಟರು. ದೂರಿಗೆ ಸಹಿ ಹಾಕಿದ್ದ ಕೈಯೇ ಇದಕ್ಕೂ ಹಾಕಿತು. ತಿರುಮಲೇಶ ಹೊರಗೆ ಬಂದು ಅವರ ಕಾಲಿಗೆ ಬಗ್ಗಿದ.

ಅವರನ್ನು ಆಟೋದಲ್ಲಿ ಮನೆಗೆ ಕರೆದುಕೊಂಡು ಹೊರಟೆ. ಕಾರಿನ ದಿಂಬನ್ನು ಇನ್ಸ್‌ಪೆಕ್ಟರ್ ಕೊಟ್ಟಿದ್ದರು. ದಾರಿಯುದ್ದಕ್ಕೂ ಗುಂಡಿ, ಆಟೋ ಎತ್ತಿ ಎತ್ತಿ ಹಾಕುತ್ತಿತ್ತು. ಬೆನ್ನಿಗೆ ಇಟ್ಟುಕೊಳ್ಳಿ ಅಂದೆ. ಅವರು ದಿಂಬನ್ನು ಮಡಿಲಲ್ಲೇ ಹಿಡಿದು ಕೂತಿದ್ದರು.