ಹುಳುಮನೆಯ ಬಾಗಿಲು

ಮಹದೇವಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಲಿಲ್ಲ.

ಕೊಳ್ಳೇಗಾಲದ ಹಾಸ್ಟೆಲ್ಲಿನಲ್ಲಿ ಅವಳಿದ್ದ ಕೋಣೆಯಲ್ಲಿ ಎಂಟು ಮಂಚ, ಎಂಟು ಹುಡುಗಿಯರು. ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಹಾಡಿ, ಅಂದರೆ ಪೋಡಿನಲ್ಲಿದ್ದ ಅಪ್ಪನ ಮನೆಗೆ ಇದ್ದದ್ದೇ ಒಂದು ಕೋಣೆ. ಅಲ್ಲಿ ಸಿಗ್ನಲ್ಲೂ ಇಲ್ಲ.

ಬಂದಿದ್ದ ಮೇಲ್ ಮಾತ್ರ ಖಡಾಖಂಡಿತವಾಗಿತ್ತು. ಹನೂರಿನಲ್ಲಿ ಹೊಸ ಚಿಕಿತ್ಸಾ ಕೇಂದ್ರ. ಡಾಕ್ಟರು ಮೈಸೂರಿನಲ್ಲಿ ಕೂತು ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತಾರೆ. ರೋಗಿಯ ಪಕ್ಕ ಇರಲು ಒಬ್ಬ ನರ್ಸ್ ಬೇಕು. ಸಂದರ್ಶನವೂ ವಿಡಿಯೋದಲ್ಲೇ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬೇಕು. ಬೇರೆ ಸದ್ದು ಕೇಳಿಸಿದರೆ ಅಲ್ಲಿಗೇ ಮುಗಿಯಿತು.

ನರ್ಸಿಂಗ್ ಮುಗಿಸಿ ವರ್ಷವಾಗಿತ್ತು. ತಿಂಗಳ ಕೊನೆಗೆ ಹಾಸ್ಟೆಲ್ ಬಿಡಬೇಕಿತ್ತು. ಈ ಕೆಲಸವೂ ತಪ್ಪಿದರೆ ಮತ್ತೆ ಪೋಡಿಗೆ...

"ನಮ್ಮ ಹುಳುಮನೇಲಿ ಬಾಗ್ಲೂ ಅದೆ, ವೈಫೈಯೂ ಅದೆ ಕಣೆ," ಎಂದಳು ಪಕ್ಕದ ಮಂಚದ ಕೋಮಲ. "ಹೊನ್ನೂರಿಗೆ ಓಗು. ಅಣ್ಣಂಗೆ ನಾನ್ ಹೇಳ್ತೀನಿ."

ಕೋಣೆ ನೋಡಿಬರಲು ಭಾನುವಾರ ಮಹದೇವಿ ಹೊನ್ನೂರಿನಲ್ಲಿ ಆಟೋ ಇಳಿದಳು. ತೆಂಗಿನ ಸಾಲಿನ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಹೊಸ್ತಿಲಿಗೆ ಕಾಲಿಡಬೇಕು, ಅಷ್ಟರಲ್ಲಿ...

"ನಿಲ್ರೀ! ಅಲ್ಲೇ ನಿಲ್ರೀ!"

ಒಳಗಿನಿಂದ ಒಬ್ಬ ಯುವಕ ಎರಡೂ ಕೈ ಅಡ್ಡ ಚಾಚಿಕೊಂಡು ಓಡಿಬಂದ. ಕೋಮಲಳ ಅಣ್ಣ ಶಾಂತಮೂರ್ತಿ.

"ಮೊದ್ಲು ಕಾಲ್ ತೊಳ್ಕಳಿ. ಕೈನೂವೆ."

ಬಾಗಿಲ ಪಕ್ಕದ ಅಗಲ ಬೋಗುಣಿಯಲ್ಲಿ ಬೆಳ್ಳನೆಯ ನೀರಿತ್ತು. ಮಹದೇವಿಯ ಕಿವಿ ಬಿಸಿಯಾಯಿತು. ಐದನೇ ಕ್ಲಾಸಿನಲ್ಲಿ ಅವಳ ಲೋಟವನ್ನು ಬೇರೆ ಇಟ್ಟಿದ್ದು ಅವಳಿಗೆ ಮರೆತಿರಲಿಲ್ಲ.

"ಕೋಮಲ ನಮ್ ಜಾತಿ ಹೇಳಿ ಕಳ್ಸಿದ್ಲಾ?"

"ಜಾತಿನಾ?"

"ನಾವ್ ಬೆಟ್ಟದೋರು. ತೊಳೀದಿದ್ರೆ ಮೈಲಿಗೆ ಆಯ್ತದೆ ಅಲ್ವಾ? ಬುಡಿ, ನಾನ್ ಓಯ್ತೀನಿ."

ಅವಳು ತಿರುಗಿಯೇ ಬಿಟ್ಟಳು. ಎದುರಿಗೆ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಅವನ ತಾಯಿ ಪುಟ್ಟಮಲ್ಲಮ್ಮ. ಹೊರೆ ಇಳಿಸಿದವಳೇ ಯಾರನ್ನೂ ಕೇಳದೆ ಎರಡೂ ಕಾಲನ್ನು ಬೋಗುಣಿಯಲ್ಲಿ ಅದ್ದಿದಳು, ಕೈ ತೊಳೆದಳು, ಒಳಗೆ ಹೋದಳು.

"ಬ್ಲೀಚಿಂಗ್ ನೀರು ಕಣ್ರಿ," ಎಂದ ಶಾಂತಮೂರ್ತಿ. "ಉಳಕ್ಕೆ ರೋಗ ಬೇಗ ತಗಲ್ತದೆ. ನಮ್ಮಪ್ಪ ಬಂದ್ರೂ ತೊಳ್ದೇ ಬರ್ಬೇಕು."

ಮಹದೇವಿ ಚಪ್ಪಲಿ ಬಿಟ್ಟು ಬೋಗುಣಿಗೆ ಕಾಲಿಟ್ಟಳು.

ಒಳಗೆ ಪುಟ್ಟಮಲ್ಲಮ್ಮ ಕೇಳಿದಳು: "ಯಾರ ಪೈಕಿ ತಾಯಿ ನೀನು?"

ಬೆಟ್ಟದ ಪೋಡಿನವಳೆಂದು ಮಹದೇವಿ ಹೇಳಿದಳು. ಪುಟ್ಟಮಲ್ಲಮ್ಮ ಮುಂದೆ ಏನೂ ಕೇಳಲಿಲ್ಲ. ಕಾಫಿ ಕುಡೀತೀಯಾ ಎಂದೂ ಕೇಳಲಿಲ್ಲ.

ಹುಳುಮನೆಯ ಮುಂಭಾಗದಲ್ಲಿ ಅಡ್ಡಗೋಡೆ ಹಾಕಿ ಒಂದು ಚಿಕ್ಕ ಕೋಣೆ ಮಾಡಿದ್ದರು. ಅಲ್ಲೊಂದು ಮೇಜು, ಅದರ ಮೇಲೆ ವೈಫೈ ಪೆಟ್ಟಿಗೆ. ಶಾಂತಮೂರ್ತಿ ಅಲ್ಲಿ ಕೂತೇ ರಾಮನಗರದ ರೇಷ್ಮೆ ವ್ಯಾಪಾರಿಗಳಿಗೆ ವಿಡಿಯೋದಲ್ಲಿ ಬೆಳೆ ತೋರಿಸುತ್ತಿದ್ದ. ಗೂಡು ಮಾರುಕಟ್ಟೆಗೆ ಹೋಗುವ ಮೊದಲೇ ಮಾತುಕತೆ ಮುಗಿದಿರುತ್ತಿತ್ತು.

"ನಿಮ್ಗೆ ಕ್ಯಾಮೆರಾ ಮುಂದೆ ಮಾತಾಡಿ ಅಭ್ಯಾಸ ಅದಾ?"

"ಇಲ್ಲ."

"ಹಂಗಾರೆ ದಿನಾ ಸಂಜೆ ಕಾಲ್ ಮಾಡಿ. ನಾನೇ ಮೈಸೂರು ಡಾಕ್ಟ್ರು ಅನ್ಕಳಿ."

ಮಾರನೆಯ ಸಂಜೆ ಅವಳು ಹಾಸ್ಟೆಲ್ ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಕಾಲ್ ಮಾಡಿದಳು. ಪರದೆಯಲ್ಲಿ ಅವನು ಇಸ್ತ್ರಿ ಮಾಡಿದ ಷರಟು ಹಾಕಿ, ತಲೆ ಬಾಚಿ, ಗಂಭೀರವಾಗಿ ಕೂತಿದ್ದ.

"ನಿಮ್ಮ ಬಗ್ಗೆ ಹೇಳಿ."

"ನಾನು... ಮಹದೇವಿ... ನಮ್ಮಪ್ಪ ಚಿಕ್ಕಮಾದ..."

"ಯಾಕ್ರೀ ನೆಲ ನೋಡ್ತಿದ್ದೀರಿ?"

"ನಿಮ್ಮುಖಾನೇ ನೋಡ್ತಿವ್ನಿ!"

"ಅದೇ ತಪ್ಪು. ಪರದೇಲಿರೋ ಮುಖ ನೋಡುದ್ರೆ ಆ ಕಡೆಯೋರ್ಗೆ ನೀವು ತಲೆ ತಗ್ಗಿಸ್ದಂಗೆ ಕಾಣ್ತದೆ. ಮೇಲ್ಗಡೆ ಕ್ಯಾಮೆರಾ ಚುಕ್ಕಿ ಅದಲ್ಲ, ಅದ ನೋಡಿ."

ಅವಳು ಚುಕ್ಕಿ ನೋಡಿದಳು. ಆಗ ಅವನ ಮುಖ ಸರಿಯಾಗಿ ಕಾಣಿಸಲಿಲ್ಲ. ಅದೊಂದು ನಷ್ಟ ಎಂದು ಅವಳಿಗೆ ಮೂರನೆಯ ಸಂಜೆಯ ಹೊತ್ತಿಗೆ ಅನ್ನಿಸತೊಡಗಿತು.

ಐದನೆಯ ಸಂಜೆ ಅವನು ಪ್ರಶ್ನೆಗಳನ್ನೇ ಮರೆತ. ಅವಳ ಮುಖವನ್ನೇ ನೋಡುತ್ತ ಕೂತಿದ್ದ.

"ಏನ್ ಡಾಕ್ಟ್ರೇ, ನೆಟ್‌ವರ್ಕ್ ಓಯ್ತಾ?"

"ಇಲ್ಲ... ಅದೆ."

ಛೆ! ಇದೇನು ಹುಚ್ಚು ಎಂದು ಅವಳು ಕಾಲ್ ಕಟ್ ಮಾಡಿ ತನ್ನನ್ನೇ ಬೈದುಕೊಂಡಳು. ಅವನ ತಾಯಿ ಕೊಡದ ಕಾಫಿ ನೆನಪಾಯಿತು. ನನಗೆ ಬೇಕಿರೋದು ಕೆಲಸ. ಬೇರೇನೂ ಅಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಹತ್ತೂವರೆಗೆ ಅವಳು ಹುಳುಮನೆಯಲ್ಲಿದ್ದಳು. ಹನ್ನೊಂದಕ್ಕೆ ಕರೆ. ಏಪ್ರಿಲ್ ಬಿಸಿಲು. ಪುಟ್ಟಮಲ್ಲಮ್ಮ ನೆಂಟರ ಮನೆಗೆಂದು ಯಳಂದೂರಿಗೆ ಹೋಗಿದ್ದಳು.

ಅಡ್ಡಗೋಡೆಯ ಆಚೆಯಿಂದ ಜೋರು ಮಳೆ ಸುರಿದಂತೆ ಸದ್ದು ಬರುತ್ತಿತ್ತು.

"ಮಳೆನಾ?" ಎಂದಳು ಗಾಬರಿಯಿಂದ.

"ಉಳ ಸೊಪ್ಪು ತಿನ್ನೋ ಸದ್ದು. ಇನ್ ನಾಕ್ ದಿನುಕ್ಕೆ ಗೂಡು ಕಟ್ತವೆ. ಈಗ್ಲೇ ಜಾಸ್ತಿ ತಿನ್ನೋದು."

"ಅವ್ರಿಗೆ ಕೇಳ್ಸಿದ್ರೆ...?" ಅವಳು ಕಿಟಕಿಯತ್ತ ತಿರುಗಿದಳು. ರಸ್ತೆಯ ಕಡೆಯಿಂದ ಗಿರಣಿಯ ಮೋಟರಿನ ಸದ್ದೂ ಕಿಟಕಿಯಿಂದ ನುಗ್ಗುತ್ತಿತ್ತು.

ಶಾಂತಮೂರ್ತಿ ಅವಳ ಮುಖ ನೋಡಿದ.

"ಏನೂ ಕೇಳ್ಸಲ್ಲ. ನೀವ್ ಕೂತ್ಕಳಿ."

ಅವನು ಆಚೆ ಹೋಗಿ ಸಾಲು ಕಿಟಕಿಗಳನ್ನೆಲ್ಲ ಮುಚ್ಚಿದ. ಫ್ಯಾನ್ ಆರಿಸಿದ. ಹನ್ನೊಂದು ಗಂಟೆಗೆ ಹುಳುಗಳಿಗೆ ಹಾಕಬೇಕಿದ್ದ ಸೊಪ್ಪನ್ನು ಹಾಕಲಿಲ್ಲ. ಇದ್ದ ಎಲೆ ಮುಗಿಯುತ್ತಿದ್ದಂತೆ ಸದ್ದು ನಿಂತಿತು. ಸಂದರ್ಶನ ಇಪ್ಪತ್ತು ನಿಮಿಷದ್ದು. ಅಷ್ಟು ಹೊತ್ತು ಹುಳುಗಳು ಸೆಕೆ, ಹಸಿವು ತಡೆದುಕೊಳ್ಳುತ್ತವೆ ಎಂದು ಅವನ ಲೆಕ್ಕ.

ಹನ್ನೊಂದಾಯಿತು. ಪರದೆಯ ಮೇಲೆ ಒಂದೇ ಸಾಲು. ದಯವಿಟ್ಟು ಕಾಯಿರಿ, ನಿಮ್ಮನ್ನು ಒಳಗೆ ಕರೆಯಲಾಗುವುದು.

ಹನ್ನೊಂದೂವರೆ. ಅದೇ ಸಾಲು.

ಹನ್ನೆರಡು. ಮಹದೇವಿಯ ರವಿಕೆ ಬೆನ್ನಿಗೆ ಅಂಟಿತು. ಎದ್ದು ನೀರು ಕುಡಿಯಲೂ ಭಯ. ಎದ್ದಾಗಲೇ ಕರೆದುಬಿಟ್ಟರೆ? ನನ್ನನ್ನು ಮರೆತರಾ? ಬೇರೆಯವರನ್ನು ತೆಗೆದುಕೊಂಡರಾ?

ಗೋಡೆಯ ಆಚೆ ಶಾಂತಮೂರ್ತಿ ಸೊಪ್ಪಿನ ಹೊರೆಯ ಪಕ್ಕ ನಿಂತಿದ್ದ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಕಿಟಕಿಗೆ ಎರಡು ಸಲ ಕೈ ಹಾಕಿದ. ಎರಡು ಸಲವೂ ಕೈ ತೆಗೆದ. ಗಿರಣಿ ಇನ್ನೂ ಓಡುತ್ತಿತ್ತು.

ಒಂದು ಗಂಟೆ ಹತ್ತು ನಿಮಿಷಕ್ಕೆ ಪರದೆ ಬೆಳಗಿತು.

"ತಡವಾಯ್ತು, ಸಾರಿ," ಎಂದರು ಕನ್ನಡಕದ ಹೆಂಗಸೊಬ್ಬರು. "ಒಬ್ಬ ಅಜ್ಜಿ ಬಂದಿದ್ದಾರೆ ಅಂದ್ಕೊಳ್ಳಿ. ಕ್ಯಾಮೆರಾ ಕಂಡರೆ ಬಾಯೇ ಬಿಡಲ್ಲ. ಏನು ಮಾಡ್ತೀರಿ?"

ಮಹದೇವಿ ಚುಕ್ಕಿಯನ್ನೇ ನೋಡಿದಳು.

"ಕ್ಯಾಮೆರಾನ ಗೋಡೆ ಕಡೆ ತಿರುಗುಸ್ತೀನಿ ಮೇಡಂ. ನಮ್ಮಜ್ಜಿ ಜವರಮ್ಮನೂ ಹಂಗೇ. ಯಾರೂ ನೋಡ್ತಿಲ್ಲ ಅಂದ್ರೆ ಎಲ್ಲಾನೂ ಹೇಳ್ತಾಳೆ. ಡಾಕ್ಟ್ರು ಕೇಳುಸ್ಕಂಡಿರ್ಲಿ. ನೋಯೋ ಜಾಗ ತೋರ್ಸೋ ಹೊತ್ಗೆ ಅವ್ರ ಒಪ್ಪಿಗೆ ಕೇಳಿ ತಿರುಗುಸ್ತೀನಿ."

ಆ ಹೆಂಗಸು ಏನನ್ನೋ ಬರೆದುಕೊಂಡರು. ನಂತರ ಮತ್ತಷ್ಟು ಪ್ರಶ್ನೆ. ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು.

ಮಹದೇವಿ ನಗುತ್ತ ಬಾಗಿಲು ತೆಗೆದಳು. ಅಂಗಳದಲ್ಲಿ ಯಳಂದೂರಿನಿಂದ ಬಂದ ಪುಟ್ಟಮಲ್ಲಮ್ಮ ಮಗನ ಎದುರು ನಿಂತಿದ್ದಳು.

"ಕಿಟ್ಕಿ ಮುಚ್ಚಿದ್ದಯೇನ್ಲಾ? ಈ ಬಿಸ್ಲಲ್ಲಿ! ಸೊಪ್ಪೂ ಹಾಕಿಲ್ವಲ್ಲೋ! ಯಾವಳ್ಗೋಸ್ಕರ್ಲಾ ಇದು?"

"ಅವ್ವಾ, ಸುಮ್ನಿರು..."

ಮಹದೇವಿಯ ನಗು ಅಲ್ಲೇ ಆರಿತು. ಶಾಂತಮೂರ್ತಿ ಅವಳತ್ತ ತಿರುಗದೆ, "ನೀವ್ ಓಗಿ, ಬಸ್ ಹೊತ್ತಾಯ್ತು," ಎಂದಷ್ಟೇ ಹೇಳಿ ಒಳಗೆ ಓಡಿದ.

ಆ ಸಂಜೆ ಅವಳು ಕಾಲ್ ಮಾಡಿದಳು. ಅವನು ಎತ್ತಲಿಲ್ಲ. ಮರುದಿನವೂ ಇಲ್ಲ. ಸರಿ... ಕೆಲಸ ಮುಗಿಯಿತು, ಸಂಬಂಧವೂ ಮುಗಿಯಿತು. ಅವ್ವನ ಮಾತು ಅವನ ತಲೆಗೆ ಹೋಗಿರಬೇಕು ಎಂದುಕೊಂಡು ತಾರಸಿಯಿಂದ ಇಳಿದಳು.

ಮೂರನೆಯ ದಿನ ಮೇಲ್ ಬಂತು. ಕೆಲಸ ಸಿಕ್ಕಿತ್ತು.

ಓದಿ ಹೇಳಬೇಕೆಂದು ಕೋಣೆಗೆ ಓಡಿಬಂದರೆ ಕೋಮಲ ಮಂಚದ ಮೇಲೆ ಅಳುತ್ತಿದ್ದಳು.

"ಸೆಕೆ ತಗುಲಿ ಉಳುಕ್ಕೆ ಸಪ್ಪೆ ರೋಗ ಬಂದದೆ ಕಣೆ. ಸೊಪ್ಪು ಮುಟ್ತಿಲ್ಲ, ಕಪ್ಪಾಗಿ ಸಾಯ್ತಾವೆ. ಅಣ್ಣ ಊಟಾನೇ ಮಾಡ್ತಿಲ್ವಂತೆ."

ಮಹದೇವಿ ಬ್ಯಾಗನ್ನೂ ತೆಗೆದುಕೊಳ್ಳಲಿಲ್ಲ. ಸಿಕ್ಕಿದ ಬಸ್ ಹತ್ತಿದಳು.

ಹುಳುಮನೆಯ ಹಿಂದೆ ಶಾಂತಮೂರ್ತಿ ಗುಂಡಿ ತೋಡಿದ್ದ. ಸತ್ತ ಹುಳುಗಳ ತಟ್ಟೆಗಳನ್ನು ಒಂದೊಂದಾಗಿ ತಂದು ಸುರಿದು ಮೇಲೆ ಸುಣ್ಣ ಹಾಕುತ್ತಿದ್ದ. ಕೆಟ್ಟ ವಾಸನೆ. ಮಹದೇವಿ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟಳು. ಬೋಗುಣಿಯಲ್ಲಿ ಎರಡೂ ಕಾಲು ಅದ್ದಿದಳು, ಕೈ ತೊಳೆದಳು. ಒಳಗೆ ಹೋಗಿ ಒಂದು ತಟ್ಟೆ ಎತ್ತಿಕೊಂಡು ಬಂದು ಅವನ ಪಕ್ಕ ನಿಂತಳು.

ಅವನು ಬೆಚ್ಚಿದ. "ನೀವ್ಯಾಕೆ ಬಂದ್ರಿ?"

"ನೀವ್ಯಾಕೆ ಫೋನ್ ಎತ್ತುಲಿಲ್ಲ?"

"ವಿಡಿಯೋ ಕಾಲು. ಎತ್ತಿದ್ರೆ ನನ್ ಮುಖ ನೋಡಿ ನಿಮ್ಗೆ ಗೊತ್ತಾಗೋದು."

"ಗೊತ್ತಾಗ್ಲಿ ಅಂತ್ಲೇ ಮಾಡಿದ್ದು! ನನ್ ಮೇಲೆ ಸಿಟ್ಟು ಅನ್ಕಂಡಿದ್ದೆ..."

"ಸಿಟ್ಟಾ?" ಅವನು ಸುಣ್ಣದ ಬುಟ್ಟಿ ಕೆಳಗಿಟ್ಟ. "ಕಿಟ್ಕಿ ಮುಚ್ಚಿದ್ದು ನಾನು. ತೆಗೀಬೋದಿತ್ತು. ತೆಗೀಲಿಲ್ಲ."

"ಒಂದ್ ಮಾತು ಹೇಳಿದ್ರೆ ನಾನೇ ಎದ್ದು ತೆಗೀತಿದ್ದೆ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಅವಳು ತಟ್ಟೆಯನ್ನು ಗುಂಡಿಗೆ ಸುರಿದಳು.

ಪುಟ್ಟಮಲ್ಲಮ್ಮ ಮತ್ತೊಂದು ತಟ್ಟೆ ಹಿಡಿದು ಬಂದಳು. ಮಹದೇವಿಯ ಒದ್ದೆ ಕಾಲುಗಳನ್ನು ನೋಡಿದಳು.

"ತೊಳ್ಕಂಡು ಒಳಕ್ಕೋದ್ಯಾ?"

"ಊಂ ಅವ್ವ. ತೊಳ್ಕಂಡೆ."

"ಹಂಗಾರೆ ಆ ಮೂಲೇಲಿರೋ ತಟ್ಟೆಗುಳ್ನೂ ತಕಂಡ್ ಬಾ," ಎಂದು ಪುಟ್ಟಮಲ್ಲಮ್ಮ ತಟ್ಟೆ ಅವಳ ಕೈಗೆ ಕೊಟ್ಟು ಹೋದಳು. ಅದು ಒಪ್ಪಿಗೆಯಲ್ಲ. ಅವತ್ತು ಅಷ್ಟೇ ಸಿಕ್ಕಿದ್ದು.

ಕೆಲಸ ಮುಗಿದಾಗ ಶಾಂತಮೂರ್ತಿ ಕೇಳಿದ: "ಕೆಲ್ಸ ಏನಾಯ್ತು?"

"ಸಿಕ್ತು. ಹನೂರಲ್ಲಿ, ಒಂದನೇ ತಾರೀಕಿಂದ."

ಅವನು ಮೂರು ದಿನದ ಮೇಲೆ ಮೊದಲ ಸಲ ನಕ್ಕ. "ಒಳ್ಳೇದಾಯ್ತು... ಮಾದೇವಿ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹನೂರಿಂದ ಸಂಜೆ ಕಾಲ್ ಮಾಡ್ತೀನಿ. ಎತ್ತುತೀಯಾ?"

"ಎತ್ತುತೀನಿ. ಭಾನುವಾರ ಬಸ್ಸೂ ಹತ್ತುತೀನಿ. ನೀ ಬ್ಯಾಡ ಅನ್ನೋಗಂಟ ಬತ್ತೀನಿ."

"ಅನ್ನಲ್ಲ." ಅವಳು ತಲೆ ತಗ್ಗಿಸಿದಳು. "ಈಗ ಎಲ್ ನೋಡ್ಲಿ ಡಾಕ್ಟ್ರೇ? ಇಲ್ಲಿ ಚುಕ್ಕಿನೇ ಇಲ್ಲ."

"ಮುಖ ನೋಡು."

ನೋಡಿದಳು. ಅವನ ರೆಪ್ಪೆಯ ಮೇಲೆ ಸುಣ್ಣ ಕೂತಿತ್ತು.

"ಎಷ್ಟ್ ತಟ್ಟೆ ಹೋದೊ?"

"ಎಣಿಸೋಕೆ ಧೈರ್ಯ ಬರ್ಲಿಲ್ಲ."

"ಇಬ್ರೂ ಎಣಿಸಾನ, ಬಾ."

ಗೋಡೆಗೆ ಒರಗಿಸಿದ್ದ ಖಾಲಿ ತಟ್ಟೆಗಳನ್ನು ಅವಳು ಒಂದು ತುದಿಯಿಂದ, ಅವನು ಇನ್ನೊಂದು ತುದಿಯಿಂದ ಎಣಿಸುತ್ತ ಬಂದು ನಡುವೆ ಸೇರಿದರು.

ಅರವತ್ತು ತಟ್ಟೆ ಹುಳುವಿನಲ್ಲಿ ನಲವತ್ತೊಂದು ಹೋಗಿದ್ದವು.