ಕಾರಣ ಹೇಳದ ನ್ಯಾಯಾಧೀಶ

ಲೋರ್ನಾ ಬರ್ಸಿಯರ್‌ಗೆ ಮೈಯೆಲ್ಲ ಉರಿದುಹೋಯಿತು.

ಈ ಕೇಸಿನಿಂದ ಹಿಂದೆ ಸರಿಯುತ್ತಿದ್ದೇನೆ, ಇದು ದೂರದ ಬಿಲಿಂಗ್ಸ್‌ ಕೋರ್ಟಿಗೆ ಹೋಗಲಿ ಎಂದಷ್ಟೇ ಹೇಳಿ, ಫೆಡರಲ್ ನ್ಯಾಯಾಧೀಶ ಎವರೆಟ್ ಲಿಂಡ್‌ಕ್ವಿಸ್ಟ್ ಎದ್ದು ಒಳಗೆ ಹೋಗಿಬಿಟ್ಟ. ಗ್ರೇಟ್ ಫಾಲ್ಸ್‌ ಊರಿಗೆ ಇದ್ದ ಫೆಡರಲ್ ನ್ಯಾಯಾಧೀಶ ಅವನೊಬ್ಬನೇ. ಪಕ್ಕದಲ್ಲಿದ್ದ ಅವಳ ಕಕ್ಷಿದಾರ ಕ್ಲಿಂಟ್ ಹಾಗನ್ ಬಿಳಿಚಿಕೊಂಡ. ಹಿಂದೊಮ್ಮೆ ಜೈಲು ಕಂಡವನು ಬಂದೂಕು ಮುಟ್ಟುವಂತಿಲ್ಲ. ಇವನು ಸತ್ತ ಅಪ್ಪನ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗಿದ್ದ. ತಪ್ಪೊಪ್ಪಿಕೊಂಡೂ ಆಗಿತ್ತು, ಶಿಕ್ಷೆಯೊಂದೇ ಬಾಕಿ. ಎವರೆಟ್ ಮನುಷ್ಯರ ಮಾತಿಗೆ ಕಿವಿಗೊಡುವವನು. ಬಿಲಿಂಗ್ಸ್‌ನವನೋ, ಫೈಲಿನಿಂದ ತಲೆಯನ್ನೇ ಎತ್ತದ ಆಸಾಮಿ.

ಸಂಜೆ ಎವರೆಟ್ ತನ್ನ ಟ್ರಕ್ಕಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಅವಳು ಎದುರಿಗೇ ಹೋಗಿ ನಿಂತಳು.

"ನಾನೇನು ತಪ್ಪು ಮಾಡ್ದೆ, ಜಡ್ಜ್?"

"ನೀವೇನೂ ಮಾಡಿಲ್ಲ." ಅವನ ಕಿವಿ ಕೆಂಪಾಗಿತ್ತು, ಚಳಿಗಲ್ಲ. "ನೀವು ಎದ್ದು ನಿಂತ್ರೆ ಆ ಕಡೆ ವಕೀಲ್ರು ಹೇಳಿದ್ದು ನಂಗೆ ಕೇಳ್ಸೋದೇ ಇಲ್ಲ. ಅಂಥವನು ಆ ಕುರ್ಚೀಲಿ ಕೂತು ನಿಮ್ಮ ಕೇಸು ನಡೆಸ್ಬಾರ್ದು."

ಕೋರ್ಟಿನಲ್ಲಿ ಜಾರಿದ ಕನ್ನಡಕವನ್ನು ಅವಳು ಪೆನ್ನಿನ ತುದಿಯಿಂದ ಮೇಲೆ ತಳ್ಳಿದಾಗಲೆಲ್ಲ ಅವನು ಕಿಟಕಿಯತ್ತ ತಿರುಗುತ್ತಿದ್ದ. ಅದನ್ನು ನೋಡಲೆಂದೇ ಎಷ್ಟೋ ಸಲ ಬೇಕೆಂದು ತಳ್ಳಿದ್ದಳು ಅವಳು. ಈಗ ಎದೆ ಹಿಗ್ಗಿತು. ಹಿಗ್ಗಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ಪ್ರೀತಿ ನಿಮ್ದು, ಜೈಲು ಕ್ಲಿಂಟ್‌ದಾ? ಇನ್ಮೇಲೆ ನನ್ನ ಒಂದೊಂದು ಕೇಸಿಗೂ ನಾನು ಹಿಮದಲ್ಲಿ ಬಿಲಿಂಗ್ಸ್‌ಗೆ ಹೋಗಿ ಸಾಯ್ಬೇಕು. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಸು ಕೈಲಿಟ್ಕೊಂಡು ಕೇಳಿದ್ರೆ ಅದಕ್ಕಿಂತ ದೊಡ್ಡ ತಪ್ಪಾಗ್ತಿತ್ತು. ಈಗ ಕೇಳ್ತಿದೀನಿ."

"ಈಗ ಉತ್ತರ ಇಲ್ಲ," ಎಂದವಳೇ ತನ್ನ ಕಾರಿನ ಬಾಗಿಲನ್ನು ದಢಾರನೆ ಹಾಕಿಕೊಂಡಳು.

ಮಾರ್ಚ್‌ನಲ್ಲಿ ಬಿಲಿಂಗ್ಸ್‌ನ ನ್ಯಾಯಾಧೀಶ ತಲೆ ಎತ್ತದೆಯೇ ಕ್ಲಿಂಟ್‌ಗೆ ಎರಡು ವರ್ಷ ವಿಧಿಸಿದ. ಅವಳು ಹಲ್ಲು ಕಚ್ಚಿಕೊಂಡು ಹೊರಬಂದರೆ, ಪಡಸಾಲೆಯ ಬೆಂಚಿನ ಮೇಲೆ ಎವರೆಟ್ ಕೂತಿದ್ದ, ಟೋಪಿ ಮಡಿಲಲ್ಲಿ. ಒಳಗೆ ಬಂದರೆ ತಪ್ಪಾಗುತ್ತದೆಂದು ಹೊರಗೇ ಕಾದಿದ್ದನಂತೆ.

"ಎರಡು ವರ್ಷ," ಎಂದಳು. ಮೊದಲ ಸಲ ಏಕವಚನದಲ್ಲೇ ಕೇಳಿದಳು. "ನೀನಾಗಿದ್ರೆ ಎಷ್ಟು ಕೊಡ್ತಿದ್ದೆ?"

"ಅದನ್ನ ನಾನು ಹೇಳೋ ಹಾಗಿಲ್ಲ, ಲೋರ್ನಾ."

"ಈಗ್ಲೂ?"

"ಯಾವಾಗ್ಲೂ."

ಹೊಡೆಯಬೇಕೆನಿಸಿತು. ಒಂದು ಸಮಾಧಾನದ ಸುಳ್ಳನ್ನೂ ಹೇಳದ ಈ ಮೊಂಡನನ್ನೇ ತಾನು ಪ್ರೀತಿಸಿದ್ದು ಎಂದೂ ಅನಿಸಿತು. ಮೇಲ್ಮನವಿ ಹಾಕುತ್ತೇನೆ ಎಂದಳು. ಹಾಕು ಎಂದ. ಟ್ರಕ್ ಎಲ್ಲಿ ಎಂದು ಕೇಳಿದಳು.

"ಬಸ್ಸಲ್ಲಿ ಬಂದೆ. ವಾಪಸ್ ಹೋಗ್ತಾ ನಿನ್ನ ಕಾರಲ್ಲಿ ಜಾಗ ಇರುತ್ತೇನೋ ಅಂತ."

ಅವಳು ಕಾರಿನ ಕೀಲಿಯನ್ನು ಅವನ ಟೋಪಿಯೊಳಗೆ ಎಸೆದಳು.

"ಸಿಟ್ಟು ಇಳಿದಿಲ್ಲ ನಂದು. ಈ ರಸ್ತೆಗೆ ನನ್ನನ್ನ ಹಾಕಿದ್ದು ನೀನು. ಇನ್ಮೇಲೆ ಪ್ರತಿ ಸಲಾನೂ ನೀನೇ ಓಡಿಸು."